ಲೋಕ ಕಟ್ಟಿದವರನ್ನೇ ಕೇಳೋಣ: ಫ್ಯಾಂಟಸಿ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಕ್ಕೆ ಬಿದ್ದವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ: ಈ ಲೋಕ ಬರೆದವರನ್ನೇ ಕೇಳಿಬಿಡೋಣ. ವಿಶೇಷ ಏನೆಂದರೆ, ಇಲ್ಲಿ ಅದು ಸಾಧ್ಯ. ಈ ಆಟಗಳ ಲೋಕ ಕಟ್ಟಿದ ಕೆಲವರು ದಶಕಗಳಿಂದ ಅಭಿಮಾನಿಗಳ ಜೊತೆ ಮಾತಾಡುತ್ತಲೇ ಬಂದಿದ್ದಾರೆ. ಊರಿನ ಚರಂಡಿಯಿಂದ ಹಿಡಿದು ದೇವರ ಸಾವಿನವರೆಗೆ ಎಲ್ಲದಕ್ಕೂ ಉತ್ತರ ಕೊಟ್ಟಿದ್ದಾರೆ. ಹಾಗೆ ಕೇಳಲು ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೆಚ್ಚಾಗಿ ಮೂರು ಲೋಕಗಳ ಮಾತು ಬರುತ್ತದೆ: ಫರ್ಗಾಟನ್ ರೆಲ್ಮ್ಸ್, ಎಬೆರಾನ್, ಗ್ಲೋರಾಂಥಾ.

ನಾನು ಹೊಸಬ. ಆಟ ಬೇರೆ, ಲೋಕ ಬೇರೆನಾ?

ಹೌದು. ದಾಳ ಹೇಗೆ ಉರುಳಿಸಬೇಕು, ಕತ್ತಿ ಬೀಸಿದರೆ ಎಷ್ಟು ಪೆಟ್ಟು ಅನ್ನೋದು ಆಟದ ನಿಯಮ. ಯಾವ ಊರು, ಯಾವ ರಾಜ, ಯಾವ ದೇವರು ಅನ್ನೋದು ಲೋಕ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಒಂದೇ ಆಟವನ್ನು ಫರ್ಗಾಟನ್ ರೆಲ್ಮ್ಸ್‌ನಲ್ಲೂ ಆಡಬಹುದು, ಎಬೆರಾನ್‌ನಲ್ಲೂ ಆಡಬಹುದು, ನೀವೇ ಕಟ್ಟಿದ ಲೋಕದಲ್ಲೂ ಆಡಬಹುದು. ಆಟ ನಡೆಸುವವರು ಡಿಎಂ. ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರ.

ಈ ಸೃಷ್ಟಿಕರ್ತರು ಯಾರು?

ಫರ್ಗಾಟನ್ ರೆಲ್ಮ್ಸ್ ಕೆನಡಾದ ಎಡ್ ಗ್ರೀನ್‌ವುಡ್ ಅವರದು. 1959ರಲ್ಲಿ ಟೊರಾಂಟೊದಲ್ಲಿ ಹುಟ್ಟಿದವರು, ಗ್ರಂಥಾಲಯದಲ್ಲಿ ಕೆಲಸ ಮಾಡಿದವರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಗ್ರೀನ್‌ವುಡ್ ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಇನ್ನೂ ಹುಡುಗನಾಗಿದ್ದಾಗ ಈ ಲೋಕದ ಕಥೆಗಳನ್ನು ಬರೆಯಲು ಶುರು ಮಾಡಿದ್ದರು. ಆಮೇಲೆ ಆಟ ಬಂತು, ಅದನ್ನು ತಮ್ಮ ಲೋಕಕ್ಕೆ ಒಗ್ಗಿಸಿಕೊಂಡರು. 1979ರಿಂದ ಈ ಆಟದ ಡ್ರ್ಯಾಗನ್ ಪತ್ರಿಕೆಗೆ ಲೇಖನ ಬರೆದರು. 1986ರಲ್ಲಿ, ಆಟವನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿ ಆ ಲೋಕವನ್ನು ಕೊಂಡುಕೊಂಡಿತು. 1987ರಲ್ಲಿ ಪೆಟ್ಟಿಗೆಯ ರೂಪದಲ್ಲಿ ಹೊರಬಂತು. ಹಳಬರು ಅದನ್ನು ಈಗಲೂ ಗ್ರೇ ಬಾಕ್ಸ್ ಅಂತಲೇ ಕರೆಯುತ್ತಾರೆ.

ಎಬೆರಾನ್ ಅಮೆರಿಕದ ಕೀತ್ ಬೇಕರ್ ಅವರದು. ಇದರ ಹುಟ್ಟು ಸಿನಿಮಾ ಕಥೆ ಇದ್ದ ಹಾಗೆ. 2002ರಲ್ಲಿ, ಆ ಹೊತ್ತಿಗೆ ಆಟದ ಒಡೆತನ ಪಡೆದಿದ್ದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಹೊಸ ಲೋಕಕ್ಕಾಗಿ ಸ್ಪರ್ಧೆ ಇಟ್ಟಿತು. ಮೊದಲ ಸುತ್ತಿಗೆ ಒಂದೇ ಪುಟದಲ್ಲಿ ಬರೆದು ಕಳಿಸಬೇಕಿತ್ತು. 11,000ಕ್ಕೂ ಹೆಚ್ಚು ಮಂದಿ ಕಳಿಸಿದರು. ಗೆದ್ದದ್ದು ಎಬೆರಾನ್. 2004ರಲ್ಲಿ ಪುಸ್ತಕ ಬಂತು.

ಗ್ಲೋರಾಂಥಾ ಗ್ರೆಗ್ ಸ್ಟಾಫರ್ಡ್ ಅವರದು. 1966ರಲ್ಲಿ, ಕಾಲೇಜಿನಲ್ಲಿದ್ದಾಗ ಬರೆಯಲು ಶುರು ಮಾಡಿದ್ದು. 1975ರಲ್ಲಿ ಈ ಲೋಕದ ಒಂದು ಬೋರ್ಡ್ ಗೇಮ್ ಪ್ರಕಟಿಸಲಿಕ್ಕೆಂದೇ ಕೇಯಾಸಿಯಮ್ ಕಂಪನಿ ಕಟ್ಟಿದರು. 1978ರಲ್ಲಿ ರೂನ್‌ಕ್ವೆಸ್ಟ್ ಆಟ ಬಂತು. ಆಮೇಲೆ ಅದೇ ಈ ಲೋಕದ ಮುಖ್ಯ ಬಾಗಿಲಾಯಿತು.

ಅಷ್ಟು ದೊಡ್ಡವರು ನಮ್ಮಂಥವರಿಗೆ ಉತ್ತರ ಕೊಡ್ತಾರಾ?

ಕೊಡುತ್ತಾರೆ. ಒಬ್ಬೊಬ್ಬರ ದಾರಿ ಒಂದೊಂದು.

ಗ್ರೀನ್‌ವುಡ್ ವರ್ಷಗಟ್ಟಲೆ ಮಧ್ಯವರ್ತಿಯೊಬ್ಬರ ಮೂಲಕ ಉತ್ತರ ಕೊಟ್ಟರು. ಅವರ ಮನೆಯ ಆಟದಲ್ಲಿ ಆಡುತ್ತಿದ್ದ ಒಬ್ಬ ಮಹಿಳೆ 'ದಿ ಹುಡೆಡ್ ಒನ್' ಅನ್ನೋ ಹೆಸರಿಟ್ಟುಕೊಂಡು ಅಭಿಮಾನಿಗಳ ಪ್ರಶ್ನೆ ಒಯ್ದು, ಉತ್ತರ ತಂದು ಕೊಡುತ್ತಿದ್ದರು. ಜೊತೆಗೆ ತಮ್ಮ ಟೇಬಲ್‌ನ ನೆನಪುಗಳನ್ನೂ ಸೇರಿಸುತ್ತಿದ್ದರು. ಈಚೆಗೆ ಗ್ರೀನ್‌ವುಡ್ ನೇರವಾಗಿಯೇ ಮಾತಾಡುತ್ತಾರೆ, ವಿಡಿಯೊ ಮಾಡುತ್ತಾರೆ. ಅವರ ಉತ್ತರ ಒಂದು ಸಾಲಿನದಲ್ಲ. ಒಂದು ಹೋಟೆಲ್ ಬಗ್ಗೆ ಕೇಳಿದರೆ ಮಾಲೀಕನ ಅತ್ತೆಯ ಜಗಳವೂ ಬರುತ್ತದೆ.

ಬೇಕರ್ ಹೆಚ್ಚು ಅಚ್ಚುಕಟ್ಟು. ಒಂದು ಪ್ರಶ್ನೆ ಹಿಡಿದು ಉದ್ದ ಪ್ರಬಂಧವನ್ನೇ ಬರೆಯುತ್ತಾರೆ. ಇಂಥ ದೇಶದಲ್ಲಿ ಜನ ದೇವರನ್ನು ಯಾಕೆ ನಂಬುತ್ತಾರೆ, ಇಂಥ ಮನೆತನ ದುಡ್ಡು ಹೇಗೆ ಮಾಡುತ್ತದೆ ಅನ್ನೋ ಥರ ಬೇರಿಗೇ ಹೋಗುತ್ತಾರೆ.

ಸ್ಟಾಫರ್ಡ್ ಕಥೆಗಾರ. ಸಮ್ಮೇಳನಗಳಲ್ಲಿ ಅವರ ಮುಂದೆ ಕೂತು ಕೇಳಿದವರಿಗೆ ನೇರ ಉತ್ತರಕ್ಕಿಂತ ಒಂದು ಪುರಾಣ ಸಿಗುವ ಸಂಭವವೇ ಜಾಸ್ತಿ ಇತ್ತು.

ಎಂಥ ಪ್ರಶ್ನೆ ಕೇಳಿದರೆ ಒಳ್ಳೆಯ ಉತ್ತರ ಸಿಗುತ್ತೆ?

ಸಣ್ಣ ಪ್ರಶ್ನೆ. ಇದನ್ನು ಎಷ್ಟು ಸಲ ಹೇಳಿದರೂ ಹೊಸಬರು ಕೇಳಲ್ಲ. ಎಲ್ಲರೂ 'ಯಾವ ದೇವರು ಎಲ್ಲರಿಗಿಂತ ಬಲಶಾಲಿ' ಅಂತ ಶುರು ಮಾಡುತ್ತಾರೆ. ಅದರ ಉತ್ತರ ಸಿಕ್ಕರೂ ನಿಮ್ಮ ಮುಂದಿನ ಭಾನುವಾರದ ಆಟಕ್ಕೆ ಏನೂ ಉಪಯೋಗವಿಲ್ಲ.

ರೆಲ್ಮ್ಸ್‌ನ ಕ್ಯಾಲೆಂಡರ್ ನೋಡಿ. ಹನ್ನೆರಡು ತಿಂಗಳು, ಪ್ರತಿ ತಿಂಗಳಿಗೂ ಸರಿಯಾಗಿ 30 ದಿನ. ವಾರ ಅನ್ನೋದಿಲ್ಲ. ಹತ್ತು ದಿನದ ಒಂದು ಕಟ್ಟು, ತಿಂಗಳಿಗೆ ಅಂಥ ಮೂರು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಲ್ಲ, ಅವು ಹಬ್ಬದ ದಿನಗಳು. ನಾಲ್ಕು ವರ್ಷಕ್ಕೊಮ್ಮೆ ಶೀಲ್ಡ್‌ಮೀಟ್ ಅಂತ ಆರನೆಯ ದಿನ. ಇದು ಗೊತ್ತಾದ ಕೂಡಲೇ ಡಿಎಂ ತಲೆಯಲ್ಲಿ ಎಷ್ಟೋ ವಿಷಯ ಎದ್ದು ಕೂರುತ್ತವೆ. ಕೂಲಿ ಯಾವಾಗ ಕೊಡುತ್ತಾರೆ? ಸಂತೆ ಯಾವಾಗ? ಹಬ್ಬದ ದಿನ ಕಾವಲುಗಾರರು ಕುಡಿದಿರುತ್ತಾರಾ? ಕಳ್ಳರ ಪಾತ್ರ ಹಾಕಿದವರಿಗೆ ಈ ಕೊನೆಯ ಪ್ರಶ್ನೆಗಿಂತ ಮುಖ್ಯವಾದದ್ದು ಯಾವುದೂ ಇಲ್ಲ.

ದುಡ್ಡಿನದೂ ಹಾಗೆಯೇ. ನಿಯಮದ ಪುಸ್ತಕದಲ್ಲಿ ತಾಮ್ರ, ಬೆಳ್ಳಿ, ಚಿನ್ನ ಅಂತ ಬರೀ ಲೋಹದ ಹೆಸರು. ವಾಟರ್‌ಡೀಪ್ ನಗರದ ಜನ ತಾಮ್ರದ ಕಾಸಿಗೆ ನಿಬ್, ಬೆಳ್ಳಿಗೆ ಶಾರ್ಡ್, ಚಿನ್ನಕ್ಕೆ ಡ್ರ್ಯಾಗನ್ ಅಂತಾರೆ. ಅಂಗಡಿಯವನು ಒಂದು ಸಲ 'ಮೂರು ಡ್ರ್ಯಾಗನ್ ಕೊಡಿ' ಅಂದರೆ ಸಾಕು, ಹಳ್ಳಿಯಿಂದ ಬಂದ ಪಾತ್ರ ಹೌಹಾರುತ್ತದೆ, ಟೇಬಲ್ ನಗುತ್ತದೆ.

ಇನ್ನು ಬೈಗುಳ! ಆ ಕಾಲದಲ್ಲಿ ಟಿಎಸ್‌ಆರ್ ತನ್ನ ಪುಸ್ತಕಗಳಲ್ಲಿ ಕೆಟ್ಟ ಮಾತು ಬರದಂತೆ ಬಿಗಿ ನಿಯಮ ಇಟ್ಟಿತ್ತು. ಗ್ರೀನ್‌ವುಡ್ ತಮ್ಮ ಲೋಕಕ್ಕೇ ಬೇರೆ ಬೈಗುಳಗಳನ್ನು ಹುಟ್ಟಿಸಿದರು. ಹ್ರಾಸ್ಟ್, ಟ್ಲುಯಿನ್ ಅಂಥವು. ಅಭಿಮಾನಿಗಳು ಇವುಗಳ ಬಗ್ಗೆ ಎಷ್ಟು ಗಂಭೀರವಾಗಿ ವಿಚಾರಿಸುತ್ತಾರೆ ಅಂದ್ರೆ, ಯಾವುದನ್ನು ಅಮ್ಮನ ಎದುರು ಹೇಳಬಹುದು, ಯಾವುದನ್ನು ಹೇಳಬಾರದು ಅನ್ನೋವರೆಗೂ ಹೋಗುತ್ತದೆ. ನನ್ನ ಪ್ರಕಾರ ಇದು ವ್ಯರ್ಥ ಕುತೂಹಲವಲ್ಲ. ಜನ ಹೇಗೆ ಬೈಯುತ್ತಾರೆ ಅಂತ ಗೊತ್ತಾದರೆ ಆ ಊರು ಅರ್ಧ ಗೊತ್ತಾದ ಹಾಗೆ.

ಕೆಲವು ಪ್ರಶ್ನೆಗೆ 'ಹೇಳುವ ಹಾಗಿಲ್ಲ' ಅಂತಾರಲ್ಲ, ಜಂಬನಾ?

ಅಲ್ಲ, ಒಪ್ಪಂದ. ಕಂಪನಿ ಮುಂದೆ ತರಲಿರುವ ಪುಸ್ತಕದ ವಿಷಯ ಬಾಯಿಬಿಡಬಾರದು ಅಂತ ಬರೆದು ಸಹಿ ಹಾಕಿರುತ್ತಾರೆ. ಅದೇ ಎನ್‌ಡಿಎ. ಗ್ರೀನ್‌ವುಡ್ ಉತ್ತರಗಳಲ್ಲಿ ಈ ಮೂರು ಅಕ್ಷರ ಎಷ್ಟು ಸಲ ಬಂದಿದೆ ಅಂದ್ರೆ ಅಭಿಮಾನಿಗಳಿಗೆ ಅದೇ ಒಂದು ತಮಾಷೆ. ಇನ್ನೊಂದು ಮಾತು: ಎನ್‌ಡಿಎ ಅಂದರೆ ಅಲ್ಲಿ ಏನೋ ಇದೆ ಅಂತಲೂ ಅರ್ಥ ಆಗಬಹುದು, ಅಲ್ವಾ? ಹಳಬರು ಉತ್ತರ ಸಿಕ್ಕಿದ್ದಕ್ಕಿಂತ ಎನ್‌ಡಿಎ ಸಿಕ್ಕಿದ್ದಕ್ಕೇ ಹೆಚ್ಚು ಖುಷಿಪಡುತ್ತಾರೆ.

ಅವರು ಹೇಳಿದ್ದೇ ಕ್ಯಾನನ್ನಾ?

ಇದು ಜಗಳದ ಪ್ರಶ್ನೆ. ಕ್ಯಾನನ್ ಅಂದರೆ ಆ ಲೋಕದಲ್ಲಿ ಅಧಿಕೃತವಾಗಿ ನಡೆದದ್ದು, ಇದ್ದದ್ದು ಅಂತ ಒಪ್ಪಿಕೊಂಡ ವಿಷಯ. ಮೂರು ಲೋಕಕ್ಕೂ ಮೂರು ಉತ್ತರ.

ರೆಲ್ಮ್ಸ್ ವಿಷಯದಲ್ಲಿ ಗ್ರೀನ್‌ವುಡ್ ಹೇಳುತ್ತ ಬಂದಿರುವುದು ಹೀಗೆ: ಟಿಎಸ್‌ಆರ್ ಜೊತೆಗಿನ ಮೂಲ ಒಪ್ಪಂದದ ಪ್ರಕಾರ, ಅವರು ಆ ಲೋಕದ ಬಗ್ಗೆ ಹೇಳಿದ್ದು, ಬರೆದದ್ದು ಕ್ಯಾನನ್. ಆದರೆ ಕಂಪನಿಯ ಪುಸ್ತಕ ಬಂದು ಅದನ್ನು ಬದಲಿಸುವವರೆಗೆ ಮಾತ್ರ. ಅಂದರೆ ಅವರ ಮಾತಿಗೆ ತೂಕ ಇದೆ, ಕೊನೆಯ ಮಾತು ಅವರದಲ್ಲ. ಕಂಪನಿಯವರು ಇದಕ್ಕೆ ಯಾವಾಗಲೂ ಅಷ್ಟೇ ಮಹತ್ವ ಕೊಟ್ಟಿದ್ದಾರೆ ಅಂತ ಹೇಳಕ್ಕಾಗಲ್ಲ. ಈಚಿನ ಆವೃತ್ತಿಗಳಲ್ಲಿ ತಾವು ಸದ್ಯದ ಆಟದ ಪುಸ್ತಕಗಳಲ್ಲಿ ಹಾಕಿದ್ದನ್ನಷ್ಟೇ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ.

ಬೇಕರ್ ಇನ್ನೊಂದು ದಾರಿ ಹಿಡಿದರು. ಎಬೆರಾನ್ ಒಡೆತನ ವಿಝರ್ಡ್ಸ್‌ನದು, ಹಾಗಾಗಿ ತಾನು ಹೇಳಿದ್ದು ಅಧಿಕೃತವಲ್ಲ ಅಂತ ಮೊದಲೇ ಹೇಳಿಬಿಡುತ್ತಾರೆ. 'ನನ್ನ ಎಬೆರಾನ್‌ನಲ್ಲಿ ಹೀಗೆ' ಅನ್ನೋದು ಅವರ ಮಾತಿನ ಧಾಟಿ. ತಮ್ಮ ಹೆಸರಿನ ಮೊದಲ ಅಕ್ಷರ ಹಚ್ಚಿ ಕ್ಯಾನನ್ ಪದದ ಇಂಗ್ಲಿಷ್ ಕಾಗುಣಿತವನ್ನೇ ಬದಲಿಸಿ ತಮಾಷೆ ಮಾಡುತ್ತಾರೆ: ಇದು ಕೀತ್‌ನ ಕ್ಯಾನನ್, ಅಷ್ಟೆ. ಎಬೆರಾನ್ ಕಾದಂಬರಿಗಳಲ್ಲಿ ನಡೆದದ್ದು ಕೂಡ ಆಟದ ಲೋಕವನ್ನು ಕಟ್ಟಿಹಾಕುವುದಿಲ್ಲ. ನನಗೆ ಈ ದಾರಿಯೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಉತ್ತರ ಕೇಳಿದವನಿಗೆ 'ತಗೊಳ್ಳಿ, ಬೇಡ ಅಂದ್ರೆ ಬಿಡಿ' ಅನ್ನೋ ಸ್ವಾತಂತ್ರ್ಯ ಮೊದಲೇ ಸಿಕ್ಕಿರುತ್ತದೆ.

ಗ್ಲೋರಾಂಥಾದಲ್ಲಿ ನಾಲ್ಕು ಪದದ ಒಂದು ಘೋಷಣೆಯೇ ಇದೆ. ಕನ್ನಡದಲ್ಲಿ ಹೇಳಬೇಕಾದರೆ: 'ನಿಮ್ಮ ಗ್ಲೋರಾಂಥಾ ಬೇರೆಯೇ ಆಗುತ್ತದೆ.'

ಎಬೆರಾನ್‌ನಲ್ಲಿ ಸೈರ್ ದೇಶ ಹೇಗೆ ನಾಶವಾಯ್ತು? ಬೇಕರ್‌ಗಾದ್ರೂ ಗೊತ್ತಿರ್ಬೇಕಲ್ಲ?

ಗೊತ್ತಿರಬಹುದು. ಹೇಳುವುದಿಲ್ಲ. ಯಾರೂ ಹೇಳುವುದಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಐದು ದೇಶಗಳ ನಡುವೆ ಸುಮಾರು ನೂರು ವರ್ಷ ಯುದ್ಧ ನಡೆಯಿತು. ಆ ಲೋಕದ 994ನೇ ವರ್ಷದಲ್ಲಿ ಒಂದೇ ದಿನದಲ್ಲಿ ಸೈರ್ ಅನ್ನೋ ಇಡೀ ದೇಶ ಅಳಿಸಿಹೋಯಿತು. ಅದಕ್ಕೆ ದಿ ಮೌರ್ನಿಂಗ್ ಅಂತ ಹೆಸರು. ಯಾರು ಮಾಡಿದರು, ಹೇಗಾಯಿತು ಅಂತ ಯಾರಿಗೂ ತಿಳಿಯದು. ಹೆದರಿಕೆಯಿಂದಲೇ 996ರಲ್ಲಿ ಎಲ್ಲರೂ ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ಆಟ ಶುರುವಾಗುವುದು 998ರಲ್ಲಿ.

ಕಾರಣ ಏನೆಂದು ಅಧಿಕೃತವಾಗಿ ಯಾವತ್ತೂ ಹೇಳಬಾರದು ಅಂತ ಲೋಕ ಕಟ್ಟುವಾಗಲೇ ತೀರ್ಮಾನಿಸಿದ್ದರು. ಇದರ ಲೆಕ್ಕಾಚಾರ ಜಾಣತನದ್ದು. ಉತ್ತರ ಗೊತ್ತಾದ ದಿನ, ಅದು ಮತ್ತೆ ಆಗುತ್ತದೋ ಇಲ್ಲವೋ ಅಂತಲೂ ಗೊತ್ತಾಗುತ್ತದೆ. ಆಗ ಭಯ ಹೋಯಿತು. ಭಯ ಹೋದರೆ ಶಾಂತಿಯೂ ಹೋಯಿತು, ಯುದ್ಧ ಮತ್ತೆ ಶುರು. ಇಡೀ ಲೋಕ ಈ ಒಂದು ಗೊತ್ತಿಲ್ಲದ ಸಂಗತಿಯ ಮೇಲೆ ನಿಂತಿದೆ. ಬೇಕರ್‌ರನ್ನು ಕೇಳಿದರೆ ಒಂದು ಉತ್ತರದ ಬದಲು ನಾಲ್ಕೈದು ಸಾಧ್ಯತೆ ಕೊಟ್ಟು, ಪ್ರತಿಯೊಂದರಿಂದ ನಿಮ್ಮ ಕಥೆ ಎತ್ತ ಹೋಗುತ್ತದೆ ಅಂತ ವಿವರಿಸುತ್ತಾರೆ. ನಿಮ್ಮ ಟೇಬಲ್‌ನಲ್ಲಿ ಉತ್ತರ ಇರಲೇಬೇಕಾದರೆ ನೀವೇ ಆರಿಸಿಕೊಳ್ಳಿ.

ಹಾಗಾದ್ರೆ ರೆಲ್ಮ್ಸ್ ಮಾತ್ರ ಯಾಕೆ ನೂರು ವರ್ಷ ಮುಂದಕ್ಕೆ ಹಾರಿತು? ಗ್ರೀನ್‌ವುಡ್ ತಡೀಬಹುದಿತ್ತಲ್ಲ?

ತಡೆಯುವ ಅಧಿಕಾರ ಅವರಿಗೆ ಇರಲಿಲ್ಲ. 1986ರಲ್ಲೇ ಲೋಕ ಮಾರಿ ಆಗಿತ್ತು. 1997ರಲ್ಲಿ ವಿಝರ್ಡ್ಸ್ ಟಿಎಸ್‌ಆರ್ ಅನ್ನು ಕೊಂಡಿತು, 1999ರಲ್ಲಿ ಆಟಿಕೆ ಕಂಪನಿ ಹ್ಯಾಸ್ಬ್ರೋ ವಿಝರ್ಡ್ಸ್ ಅನ್ನು ಕೊಂಡಿತು. 2008ರಲ್ಲಿ ಆಟದ ನಾಲ್ಕನೇ ಆವೃತ್ತಿ ಬಂದಾಗ ಹೊಸ ನಿಯಮಗಳಿಗೆ ಲೋಕವನ್ನು ಹೊಂದಿಸಬೇಕಿತ್ತು. ಅದಕ್ಕೆ ಮಾಯಾವಿದ್ಯೆಯ ದೇವಿ ಮಿಸ್ಟ್ರಾಳನ್ನು ಸಾಯಿಸಿದರು, ಸ್ಪೆಲ್‌ಪ್ಲೇಗ್ ಅನ್ನೋ ಮಹಾ ಉತ್ಪಾತ ತಂದರು, ಕಾಲವನ್ನು ಸುಮಾರು ನೂರು ವರ್ಷ ಮುಂದೆ ತಳ್ಳಿದರು. ಅಭಿಮಾನಿಗಳು ವರ್ಷಗಟ್ಟಲೆ ಪರಿಚಯ ಮಾಡಿಕೊಂಡಿದ್ದ ಮನುಷ್ಯ ಪಾತ್ರಗಳಲ್ಲಿ ಬಹುಪಾಲು ಒಂದೇ ಏಟಿಗೆ ತೀರಿಹೋದವು. ಎಲ್ಫ್‌ಗಳು ಬಚಾವ್, ಅವರ ಆಯಸ್ಸು ದೊಡ್ಡದು.

ಗಲಾಟೆ ಜೋರಾಗಿಯೇ ಆಯಿತು. ಐದನೇ ಆವೃತ್ತಿಯ ಹೊತ್ತಿಗೆ, 2013ರಿಂದ, ದಿ ಸಂಡರಿಂಗ್ ಅನ್ನೋ ಘಟನೆಯ ನೆಪದಲ್ಲಿ ಬಹಳಷ್ಟನ್ನು ಹಳೆಯ ಸ್ಥಿತಿಗೆ ತಂದರು. ಮಿಸ್ಟ್ರಾ ಮರಳಿ ಬಂದಳು. ಈ ಅವಧಿಯಲ್ಲೆಲ್ಲ ಗ್ರೀನ್‌ವುಡ್ ಕಾದಂಬರಿ ಬರೆಯುವುದನ್ನು ನಿಲ್ಲಿಸಲಿಲ್ಲ, ಪ್ರಶ್ನೆಗೆ ಉತ್ತರ ಕೊಡುವುದನ್ನೂ ನಿಲ್ಲಿಸಲಿಲ್ಲ. ದಯವಿಟ್ಟು ಅವರಿಗೆ ಬರೆದು 'ನೀವು ಯಾಕೆ ಬಿಟ್ರಿ' ಅಂತ ಕೇಳಬೇಡಿ. ಮಾರಿದ ಮನೆಯ ಗೋಡೆ ಒಡೆದರೆ ಹಳೆಯ ಯಜಮಾನನನ್ನು ಬೈದು ಏನು ಪ್ರಯೋಜನ?

ರೆಲ್ಮ್ಸ್‌ನಲ್ಲಿ ನಡೆಯುವ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3 ಆಡಿ ಬಂದೆ. ಅದರ ಪಾತ್ರ ಅಸ್ಟಾರಿಯನ್ ಬಗ್ಗೆ ಗ್ರೀನ್‌ವುಡ್‌ರನ್ನು ಕೇಳಲಾ?

ಅಸ್ಟಾರಿಯನ್, ಕಾರ್ಲಾಕ್ ಇವರೆಲ್ಲ 2023ರಲ್ಲಿ ಆಟ ಹೊರತಂದ ಲೇರಿಯನ್ ಸ್ಟುಡಿಯೋದ ಬರಹಗಾರರ ಸೃಷ್ಟಿ. ಆ ಪ್ರಶ್ನೆ ಅಲ್ಲಿಗೆ. ಆದರೆ ಅದೇ ಆಟದಲ್ಲಿ ಸಿಗುವ ಬಾಯಿಬಡುಕ ವೋಲೊ, ಮುದುಕ ಮಾಂತ್ರಿಕ ಎಲ್ಮಿನ್‌ಸ್ಟರ್, ಅವನು ನಂಬುವ ಮಿಸ್ಟ್ರಾ ಇವೆಲ್ಲ ಹಳೆಯ ಸರಕು. ಅವುಗಳ ಬಗ್ಗೆ ಧಾರಾಳವಾಗಿ ಕೇಳಿ. ಇನ್ನೂ ಒಳ್ಳೆಯದು: ಬಾಲ್ಡರ್ಸ್ ಗೇಟ್ ಊರಿನ ಬಗ್ಗೆಯೇ ಕೇಳಿ.

ಎಲ್ಮಿನ್‌ಸ್ಟರ್ ಅಂದ್ರೆ ಗ್ರೀನ್‌ವುಡ್ ಅವರೇ ಅಲ್ವಾ?

ಇಬ್ಬರಿಗೂ ಗಡ್ಡ ಇದೆ, ಇಬ್ಬರೂ ಜಾಸ್ತಿ ಮಾತಾಡುತ್ತಾರೆ, ಗ್ರೀನ್‌ವುಡ್ ಸಮ್ಮೇಳನಗಳಲ್ಲಿ ಆ ವೇಷವನ್ನೂ ಹಾಕಿದ್ದಾರೆ. ಆದರೂ ಅಲ್ಲ ಅಂತ ಅವರು ಹೇಳುತ್ತಲೇ ಇದ್ದಾರೆ. ಎಲ್ಮಿನ್‌ಸ್ಟರ್ ಶುರುವಾದದ್ದು ಪತ್ರಿಕೆಯ ಲೇಖನಗಳಲ್ಲಿ ಕಥೆ ಹೇಳುವ ಮುದುಕನಾಗಿ. ಹೇಳುವವನು ಒಬ್ಬ ಪಾತ್ರವಾದರೆ ತಪ್ಪು ಹೇಳುವ ಅವಕಾಶವೂ ಇರುತ್ತದೆ. ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಕಂಠಪಾಠ ಮಾಡಿದ ಆಟಗಾರನಿಗೆ 'ಆ ಮುದುಕ ಸುಳ್ಳು ಹೇಳಿರಬಹುದು' ಅಂತ ಡಿಎಂ ಹೇಳಬಹುದು. ಈ ಉಪಾಯ ನೀವೂ ಕದಿಯಿರಿ.

ಗ್ಲೋರಾಂಥಾದಲ್ಲಿ ಒಂದೇ ದೇವರಿಗೆ ಎರಡು ಕಥೆ ಇದೆ. ಯಾವುದು ಸರಿ?

ಗ್ಲೋರಾಂಥಾಕ್ಕೆ ಹೊಸದಾಗಿ ಹೋದವರು ಇಲ್ಲೇ ಎಡವುವುದು. ಕಂಪ್ಯೂಟರ್ ಆಟಗಳಿಂದ ಬಂದವರಿಗಂತೂ ತಲೆ ಕೆಟ್ಟುಹೋಗುತ್ತದೆ.

ಉದಾಹರಣೆಗೆ ಸೂರ್ಯನ ವಿಷಯ. 1970ರ ದಶಕದ ರೂನ್‌ಕ್ವೆಸ್ಟ್ ಪುಸ್ತಕಗಳಲ್ಲಿ ಯೆಲ್ಮಾಲಿಯೊ ಅನ್ನೋ ದೇವರು ಇದ್ದ. 1990ರ ದಶಕದ ಬರಹಗಳಲ್ಲಿ ಎಲ್ಮಾಲ್ ಅನ್ನೋ ಇನ್ನೊಬ್ಬ ಬಂದ. 1999ರ ಕಂಪ್ಯೂಟರ್ ಆಟದಲ್ಲೂ ಇವನೇ. ಇಬ್ಬರೂ ಒಂದೇನಾ, ಬೇರೆನಾ, ಯಾರು ಮೊದಲು? ಅಭಿಮಾನಿಗಳು ಇದರ ಮೇಲೆ ದಶಕಗಳಿಂದ ಜಗಳ ಆಡುತ್ತಿದ್ದಾರೆ, ಇನ್ನೂ ದಣಿದಿಲ್ಲ.

ನನ್ನ ಕೇಳಿದರೆ ಕನ್ನಡ ಓದುಗರಿಗೆ ಇದು ಕಷ್ಟವಾಗಬಾರದು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಯಾವುದು ಕ್ಯಾನನ್ ಅಂತ ನಾವು ಯಾರಾದರೂ ಕೇಳುತ್ತೇವಾ? ಪಂಪನಿಗೆ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಿತ್ತು, ಅದಕ್ಕೆ ಹಾಗೆ ಬರೆದ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ಗ್ಲೋರಾಂಥಾವನ್ನೂ ಹಾಗೆಯೇ ಓದಬೇಕು. ಈ ಕಥೆ ಹೇಳಿದವರು ಯಾವ ಕುಲ? ಅವರ ರಾಜ ಯಾರು? ಯಾರ ಮೇಲೆ ಅವರಿಗೆ ಸಿಟ್ಟು? ಸ್ಟಾಫರ್ಡ್‌ರಿಗೆ ಪುರಾಣಗಳ ಹುಚ್ಚು ಆಳವಾಗಿತ್ತು. ಎಲ್ಲ ಜನಾಂಗಕ್ಕೂ ಒಂದೇ ಸೃಷ್ಟಿಕಥೆ ಕೊಡಲು ಅವರು ಒಪ್ಪಲೇ ಇಲ್ಲ.

ಇದರಲ್ಲಿ ಒಂದು ಕುಚೋದ್ಯ ಇದೆ. ಆ ಲೋಕದ ಇತಿಹಾಸದಲ್ಲಿ ಗಾಡ್ ಲರ್ನರ್ಸ್ ಅಂತ ಒಂದು ಗುಂಪು ಬರುತ್ತದೆ. ಎಲ್ಲ ಜನರ ಪುರಾಣಗಳನ್ನು ಒಟ್ಟು ಹಾಕಿ, ಹೋಲಿಸಿ, ಒಂದೇ ನಿಜವಾದ ಕಥೆ ಮಾಡಲು ಹೊರಟವರು ಅವರು. ಪುರಾಣದೊಳಗೆ ನುಗ್ಗಿ ದೇವರುಗಳನ್ನೇ ಅದಲುಬದಲು ಮಾಡಿದರು. ಕೊನೆಗೆ ಲೋಕವೇ ಅವರ ಮೇಲೆ ತಿರುಗಿಬಿತ್ತು, ಅವರ ನಾಡು ಕಡಲಲ್ಲಿ ಮುಳುಗಿತು. 'ಯಾವುದು ಸರಿ ಅಂತ ಒಂದೇ ಮಾತಲ್ಲಿ ಹೇಳಿ' ಅಂತ ಹಟ ಹಿಡಿಯುವ ಅಭಿಮಾನಿಯನ್ನು ಮಿಕ್ಕವರು ಗಾಡ್ ಲರ್ನರ್ ಅಂತ ರೇಗಿಸುವುದು ಇದಕ್ಕೇ.

ಹಾಗಂತ ನೋವು ಇರಲಿಲ್ಲ ಅಂತಲ್ಲ. ಅಭಿಮಾನಿಯೊಬ್ಬ ಪುಸ್ತಕದ ಎರಡು ಸಾಲು ಹಿಡಿದು ಒಂದು ಪ್ರಾಂತ್ಯದ ಇಡೀ ಇತಿಹಾಸ ಕಟ್ಟಿರುತ್ತಾನೆ. ಅಷ್ಟರಲ್ಲಿ ಸ್ಟಾಫರ್ಡ್ ಏನೋ ಹೊಸದು ಹೇಳುತ್ತಾರೆ, ಇವನು ಬರೆದದ್ದೆಲ್ಲ ಹೋಯಿತು. ಇದಕ್ಕೆ ಅಭಿಮಾನಿಗಳು ಗ್ರೆಗ್ ಹೆಸರನ್ನೇ ಕ್ರಿಯಾಪದ ಮಾಡಿಕೊಂಡಿದ್ದರು: ನಾನು ಗ್ರೆಗ್ ಆಗಿಹೋದೆ! ಗೊಣಗುತ್ತಲೇ, ಸ್ವಲ್ಪ ಹೆಮ್ಮೆಯಿಂದಲೂ ಹೇಳಿಕೊಳ್ಳುತ್ತಿದ್ದರು.

ಗ್ಲೋರಾಂಥಾದಲ್ಲಿ ಬಾತುಕೋಳಿಗಳು ಮನುಷ್ಯರ ಥರ ಕತ್ತಿ ಹಿಡಿದು ಓಡಾಡ್ತವಂತೆ. ತಮಾಷೆ ತಾನೆ?

ಅಲ್ಲ. ಗಂಭೀರವಾಗಿ ತೆಗೆದುಕೊಳ್ಳಿ.

ನಿಯಮದ ಬಗ್ಗೆ ಸಂದೇಹ ಇದೆ. ಅದನ್ನೂ ಇವರನ್ನೇ ಕೇಳಬಹುದಾ?

ಬೇಡ. ನಿಯಮಕ್ಕೆ ಬೇರೆ ಜನ ಇದ್ದಾರೆ. ಡ್ರ್ಯಾಗನ್ ಪತ್ರಿಕೆಯಲ್ಲಿ 1979ರಲ್ಲೇ ಸೇಜ್ ಅಡ್ವೈಸ್ ಅಂತ ಅಂಕಣ ಶುರುವಾಯಿತು. ಮೊದಲು ಬರೆದವರು ಜೀನ್ ವೆಲ್ಸ್. ಅದೇ ಹೆಸರಿನಲ್ಲಿ ನಿಯಮದ ಉತ್ತರಗಳು ಈ ಕಾಲದವರೆಗೂ ಬಂದಿವೆ. ಲೋಕ ಕಟ್ಟಿದವರು ತಮ್ಮ ಮನೆಯ ಟೇಬಲ್‌ನಲ್ಲಿ ನಿಯಮವನ್ನು ಎಷ್ಟು ಸಡಿಲ ಬಿಡುತ್ತಾರೆ ಅಂತ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತದೆ.

ನಾನು ಬರೆದ ಕಥೆ, ನಕ್ಷೆ ಕಳಿಸಿದರೆ ಓದ್ತಾರಾ?

ಹೆಚ್ಚಾಗಿ ಇಲ್ಲ. ಅಹಂಕಾರ ಅಲ್ಲ, ಕಾನೂನಿನ ಭಯ. ನಾಳೆ ಅವರ ಪುಸ್ತಕದಲ್ಲಿ ನಿಮ್ಮದನ್ನು ಹೋಲುವ ಏನಾದರೂ ಬಂದರೆ 'ನನ್ನದನ್ನು ಕದ್ದರು' ಅಂತ ಕೇಸು ಬೀಳಬಹುದು. ಆದ್ದರಿಂದ ಕೇಳದೆ ಕಳಿಸಬೇಡಿ. ಪ್ರಶ್ನೆ ಕೇಳುವಾಗ ನಿಮ್ಮ ಇಡೀ ಕಥೆಯನ್ನು ಅದರೊಳಗೆ ತುರುಕಲೂ ಬೇಡಿ.

ಬರೆದದ್ದನ್ನು ಜನರಿಗೆ ತಲುಪಿಸಬೇಕಾದರೆ ದಾರಿ ಇದೆ. 2016ರಲ್ಲಿ ಡಿಎಂಸ್ ಗಿಲ್ಡ್ ಅನ್ನೋ ಆನ್‌ಲೈನ್ ಮಳಿಗೆ ಶುರುವಾಯಿತು. ರೆಲ್ಮ್ಸ್‌ನಲ್ಲಿ ನಡೆಯುವ ನಿಮ್ಮದೇ ಸಾಹಸವನ್ನು ಅಲ್ಲಿ ಮಾರಬಹುದು, ಅರ್ಧ ದುಡ್ಡು ನಿಮಗೆ. 2018ರಲ್ಲಿ ಎಬೆರಾನ್‌ಗೂ ಬಾಗಿಲು ತೆರೆಯಿತು. ಬೇಕರ್ ಸ್ವತಃ ಅಲ್ಲೇ ಪುಸ್ತಕ ಹೊರತಂದಿದ್ದಾರೆ. ತನ್ನದೇ ಲೋಕದ ಬಗ್ಗೆ ಬರೆಯಲು ಅದನ್ನು ಕಟ್ಟಿದವನೂ ಅಭಿಮಾನಿಗಳ ಸಾಲಿನಲ್ಲೇ ನಿಲ್ಲಬೇಕು ಅನ್ನೋದು ವಿಚಿತ್ರ, ಆದರೆ ಒಡೆತನ ಹೋದ ಮೇಲೆ ಅಷ್ಟೇ. ಗ್ಲೋರಾಂಥಾಕ್ಕೆ 2019ರಿಂದ ಅಂಥದ್ದೇ ಜಾನ್ಸ್‌ಟೌನ್ ಕಂಪೆಂಡಿಯಮ್ ಇದೆ. ಹಾಕುವ ಮೊದಲು ಷರತ್ತು ಓದಿ. ಡಿಎಂಸ್ ಗಿಲ್ಡ್‌ನಲ್ಲಿ ಹಾಕಿದ್ದನ್ನು ಬೇರೆ ಕಡೆ ಮಾರುವ ಹಾಗಿಲ್ಲ.

ಸ್ಟಾಫರ್ಡ್ ಈಗಿಲ್ಲ. ಇನ್ನು ಯಾರನ್ನು ಕೇಳೋದು?

ಅವರು 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಗ್ಲೋರಾಂಥಾದ ಕೆಲಸ ಅದಕ್ಕೆ ಮೊದಲೇ ಮುಂದಿನವರ ಕೈಗೆ ಹೋಗಿತ್ತು. ಅಭಿಮಾನಿಗಳಾಗಿ ಬಂದವರೇ ಹಕ್ಕು ಪಡೆದು, ದೊಡ್ಡ ಪುಸ್ತಕಗಳನ್ನು ತಂದು, ಕೊನೆಗೆ ಕೇಯಾಸಿಯಮ್ ಕಂಪನಿಯನ್ನೇ ನಡೆಸುವ ಜಾಗಕ್ಕೆ ಬಂದರು. ಜೆಫ್ ರಿಚರ್ಡ್ ಅವರಲ್ಲಿ ಮುಖ್ಯರು. ಈಗ ಪ್ರಶ್ನೆಗಳು ಅವರಿಗೆ ಹೋಗುತ್ತವೆ, ಅವರೂ ಧಾರಾಳವಾಗಿ ಉತ್ತರಿಸುತ್ತಾರೆ. ಹಳಬರಲ್ಲಿ ಕೆಲವರು 'ಗ್ರೆಗ್ ಹೀಗೆ ಹೇಳುತ್ತಿರಲಿಲ್ಲ' ಅಂತಾರೆ. ಗ್ರೆಗ್ ಇದ್ದಾಗ ಅವರ ಮಾತಿಗೂ ಇವರು ತಕರಾರು ತೆಗೆದವರೇ.

ಲೋಕ ಕಟ್ಟಿದವನೇ ಕೆಟ್ಟವನು ಅಂತ ಗೊತ್ತಾದ್ರೆ?

ಇದು ಊಹೆಯ ಪ್ರಶ್ನೆಯಲ್ಲ, ನಡೆದಿದೆ. ಟೆಕುಮೆಲ್ ಲೋಕದ ಎಂ. ಎ. ಆರ್. ಬಾರ್ಕರ್ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು. ಯುರೋಪಿನ ಕೋಟೆ, ಕುದುರೆ ಸವಾರರ ಬದಲು ಏಷ್ಯಾ, ಮಧ್ಯ ಅಮೆರಿಕದ ಸಂಸ್ಕೃತಿಗಳ ನೆರಳಿರುವ ಲೋಕ ಕಟ್ಟಿದರು. ಅದಕ್ಕೆ ವ್ಯಾಕರಣ ಸಮೇತ ಭಾಷೆಗಳನ್ನೂ ಮಾಡಿದರು. 1975ರಲ್ಲೇ ಆಟವಾಗಿ ಬಂತು. ನಮ್ಮ ಕಡೆಯವರಿಗೆ ಅದು ಹೆಚ್ಚು ಹತ್ತಿರ ಅನ್ನಿಸುತ್ತಿತ್ತು. ಅವರು 2012ರಲ್ಲಿ ತೀರಿಕೊಂಡರು. 2022ರಲ್ಲಿ ಟೆಕುಮೆಲ್ ಫೌಂಡೇಶನ್ ಒಂದು ವಿಷಯ ಒಪ್ಪಿಕೊಂಡಿತು: 1991ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟವಾದ ಒಂದು ನವ-ನಾಜಿ ಕಾದಂಬರಿ ಅವರದೇ. ಹೊಲೊಕಾಸ್ಟ್ ನಡೆದೇ ಇಲ್ಲ ಅನ್ನುವವರ ಪತ್ರಿಕೆಯ ಸಂಪಾದಕ ಮಂಡಳಿಯಲ್ಲೂ ಅವರ ಹೆಸರಿತ್ತು.

ಅವರ ಮನೆಯಲ್ಲಿ, ಅವರ ಟೇಬಲ್‌ನಲ್ಲಿ ವರ್ಷಗಟ್ಟಲೆ ಆಡಿದವರಿಗೆ ಹೇಗಾಗಿರಬೇಡ. ಕೆಲವರು ಟೆಕುಮೆಲ್ ಬಿಟ್ಟರು. ಕೆಲವರು ಲೋಕ ಬೇರೆ, ಮನುಷ್ಯ ಬೇರೆ ಅಂತ ಆಡುತ್ತಿದ್ದಾರೆ. ನಾನು ಹೊಸಬರಿಗೆ ಆ ಲೋಕ ಸೂಚಿಸುವುದನ್ನು ನಿಲ್ಲಿಸಿದ್ದೇನೆ. ಯಾರಾದರೂ ಕೇಳಿದರೆ ವಿಷಯ ಮುಚ್ಚಿಡದೆ ಹೇಳುತ್ತೇನೆ.

ಭಾರತದಿಂದ ಕೇಳೋವಾಗ ಏನಾದ್ರೂ ಗಮನದಲ್ಲಿ ಇಟ್ಕೋಬೇಕಾ?

ಒಂದು, ಗಡಿಯಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8ಕ್ಕೆ ನೇರ ಪ್ರಶ್ನೋತ್ತರ ಅಂದರೆ ನಮಗೆ ಮರುದಿನ ಬೆಳಗ್ಗೆ 5:30, ಅವರ ಚಳಿಗಾಲದಲ್ಲಿ 6:30. ಹಾಲಿನವನು ಬರುವ ಹೊತ್ತು. ಪ್ರಶ್ನೆಯನ್ನು ಮೊದಲೇ ಬರೆದು ಕೊಟ್ಟಿಡುವುದು ಒಳ್ಳೆಯದು.

ಎರಡು, 'ಸರ್, ಸರ್' ಅಂತ ನಾಲ್ಕು ಸಲ ಹಾಕಬೇಕಿಲ್ಲ. ಅಲ್ಲಿ ಎಲ್ಲರೂ ಎಡ್, ಕೀತ್ ಅಂತ ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ಬಾಯಿಗೆ ಅದು ಬರದಿದ್ದರೆ ಒಂದು ಸಲ ಮಿಸ್ಟರ್ ಗ್ರೀನ್‌ವುಡ್ ಅಂದರೆ ಸಾಕು.

ಮೂರು, ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ. ಎರಡು ಸಾಲು ಸಾಕು: ನಮ್ಮ ಆಟ ಇಂಥ ಊರಲ್ಲಿ, ಇಂಥ ಕಾಲದಲ್ಲಿ ನಡೆಯುತ್ತಿದೆ. ನನಗೆ ಇದು ಬೇಕು. ಉದ್ದ ಪೀಠಿಕೆಗಿಂತ ಇದಕ್ಕೇ ಬೇಗ ಉತ್ತರ ಬರುತ್ತದೆ. ಹಳೆಯ ಉತ್ತರಗಳಲ್ಲಿ ಒಮ್ಮೆ ಹುಡುಕಿ ನೋಡಿ ಕೇಳಿ. ಕ್ಯಾಲೆಂಡರ್ ಪ್ರಶ್ನೆಯನ್ನು ಎಡ್ ಎಷ್ಟು ಸಲ ಉತ್ತರಿಸಿದ್ದಾರೋ ಅವರಿಗೇ ಲೆಕ್ಕ ಇರಲಿಕ್ಕಿಲ್ಲ.

ನಮ್ಮ ಟೇಬಲ್‌ನಲ್ಲಿ ಒಬ್ಬ ಇದ್ದಾನೆ. ಮಾತೆತ್ತಿದರೆ 'ಗ್ರೀನ್‌ವುಡ್ ಹಾಗೆ ಹೇಳಿಲ್ಲ' ಅಂತ ಡಿಎಂನ ತಿದ್ತಾನೆ. ಏನ್ಮಾಡ್ಲಿ?

ಇಂಥವನು ಪ್ರತಿ ಟೇಬಲ್‌ನಲ್ಲೂ ಇರುತ್ತಾನೆ, ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಯಲ್ಲಂತೂ ಇಬ್ಬರು. ಜಗಳ ಬೇಡ. ಆಟ ಶುರುವಾಗುವ ಮೊದಲೇ ಎಲ್ಲರ ಎದುರು ಹೇಳಿಬಿಡಿ: ಇದು ನಮ್ಮ ರೆಲ್ಮ್ಸ್, ಪುಸ್ತಕದಲ್ಲಿರುವುದು ಪಾತ್ರಗಳು ಕೇಳಿದ ಸುದ್ದಿ ಮಾತ್ರ. ಆಮೇಲೆ ಅವನಿಗೆ ಒಂದು ಕೆಲಸ ಕೊಡಿ. ಮುಂದಿನ ವಾರ ಪಾತ್ರಗಳು ಒಂದು ಹಬ್ಬಕ್ಕೆ ಹೋಗುತ್ತವೆ, ಅಲ್ಲಿ ಏನು ತಿನ್ನುತ್ತಾರೆ, ಏನು ಹಾಡುತ್ತಾರೆ, ಯಾರು ಯಾರ ಮೇಲೆ ಕೋಪ ಮಾಡಿಕೊಂಡಿದ್ದಾರೆ ಅಂತ ಒಂದು ಪುಟ ಬರೆದುಕೊಂಡು ಬಾ ಅನ್ನಿ. ಓದಿದ್ದೆಲ್ಲ ಅವನ ತಲೆಯಲ್ಲಿದೆ, ಖರ್ಚಾಗಲಿ. ಅವನು ಬರೆದ ಪುಟವನ್ನು ಬೇರೆಯವರು ತಿದ್ದಲು ಬಂದಾಗ ಅವನೇ ನಿಮ್ಮ ಪರವಾಗಿ ವಾದಿಸುತ್ತಾನೆ.